ಗೇಣು ನೀರು ಯಾರದು?

ಫ್ಲಾರಿಡಾದ ಪಶ್ಚಿಮ ಕರಾವಳಿಯಲ್ಲಿ ಅಕ್ಟೋಬರ್ ಅಂದರೆ ಕಯಾಕ್ ಕಾಲ. ಊರಲ್ಲಿ ನವರಾತ್ರಿ ಮುಗಿದು ದೀಪಾವಳಿಗೆ ತಯಾರಿ ನಡೆಯುವ ಹೊತ್ತಿಗೆ ಇಲ್ಲಿ ಸೆಕೆ ಸ್ವಲ್ಪ ಇಳಿಯುತ್ತದೆ. ಉತ್ತರದಿಂದ ಮೊದಲ ತಣ್ಣನೆ ಗಾಳಿ ಬರುತ್ತದೆ. ಶನಿವಾರ ಬೆಳಕು ಹರಿಯುವ ಮೊದಲೇ ಕಾರಿನ ತಲೆ ಮೇಲೆ ಹಳದಿ, ಹಸಿರು ಪ್ಲಾಸ್ಟಿಕ್ ದೋಣಿ ಬಿಗಿದುಕೊಂಡವರು ಕಾಂಡ್ಲಾ ಕಾಡಿನ ಕಡೆ ಹೊರಡುತ್ತಾರೆ. ಟ್ಯಾಂಪಾದ ಹತ್ತಿರ ಹತ್ತಾರು ವರ್ಷದಿಂದ ಇರುವ ನಾನೂ ಅವರಲ್ಲೊಬ್ಬ. ನನ್ನೂರು ಕುಮಟಾ ಕಡೆ. ಹಾಗಾಗಿ ಮ್ಯಾಂಗ್ರೋವ್ ಅನ್ನೋದಕ್ಕಿಂತ ಕಾಂಡ್ಲಾ ಅನ್ನೋದೇ ನನ್ನ ಬಾಯಿಗೆ ಮೊದಲು ಬರುತ್ತದೆ. ಘಟ್ಟದ ಮೇಲಿನ ಓದುಗರು ದಯವಿಟ್ಟು ಹೊಂದಿಸಿಕೊಳ್ಳಬೇಕು.

ಈ ಕಾಲಕ್ಕೇ ಯಾಕೆ ಈ ಗಡಿಬಿಡಿ ಅಂದರೆ, ನೀರು ತಂಪಾಗುತ್ತಿದ್ದಂತೆ ರೆಡ್‌ಫಿಶ್ ಅನ್ನುವ ತಾಮ್ರ ಬಣ್ಣದ ಮೀನು ಗುಂಪು ಕಟ್ಟಿಕೊಂಡು ಕಾಂಡ್ಲಾ ಬೇರುಗಳ ಪಕ್ಕದ ತೆಳು ನೀರಿಗೆ ಬರುತ್ತದೆ. ಬಾಲದ ಬುಡದಲ್ಲಿ ದೃಷ್ಟಿಬೊಟ್ಟಿನ ಹಾಗೆ ಒಂದು ಕಪ್ಪು ಚುಕ್ಕೆ ಇರುತ್ತದೆ. ತಲೆ ಕೆಳಗೆ ಮಾಡಿ ಕೆಸರಲ್ಲಿ ಏಡಿ, ಸಿಗಡಿ ಹುಡುಕುವಾಗ ಬಾಲ ನೀರಿನ ಮೇಲೆ ಕಾಣಿಸುತ್ತದೆ. ಅಷ್ಟು ತೆಳು ನೀರು. ಅಲ್ಲಿಗೆ ಎಂಜಿನ್ ದೋಣಿ ತಂದರೆ ತಳ ಕೂರುತ್ತದೆ, ಸದ್ದಿಗೆ ಮೀನೂ ಓಡುತ್ತದೆ. ಕಯಾಕ್‌ಗೆ ಗೇಣು ನೀರು ಸಾಕು. ಹುಟ್ಟು ಮೆಲ್ಲಗೆ ಹಾಕಿದರೆ ಮೀನಿಗೆ ಗೊತ್ತೇ ಆಗುವುದಿಲ್ಲ.

ಸುತ್ತ ಮೌನ, ಬೆಳ್ಳಕ್ಕಿಗಳು, ಬೇರಿನ ಮೇಲೆ ಹರಿದಾಡುವ ಏಡಿಗಳು. "ಮನುಷ್ಯರು ಮುಟ್ಟದೇ ಇರೋ ಜಾಗ ಮಾರಾಯಾ ಇದು" ಅಂತ ನನ್ನ ಜೊತೆ ಬರುವ ಗೆಳೆಯ ಪ್ರತಿ ಸಲ ಹೇಳುತ್ತಾನೆ. ನನ್ನ ತಕರಾರು ಇರುವುದು ಆ ಮಾತಿನ ಬಗ್ಗೆ. ಈ ನೀರಿನಲ್ಲಿ ಸಾವಿರಾರು ವರ್ಷ ಜನ ಮೀನು ಹಿಡಿದಿದ್ದಾರೆ. ಈಗ ಅದು ಖಾಲಿ ಕಾಣುತ್ತಿದ್ದರೆ, ಒಬ್ಬರಾದ ಮೇಲೊಬ್ಬರು ಅಲ್ಲಿಂದ ಎದ್ದು ಹೋಗಬೇಕಾಗಿ ಬಂದಿದೆ ಅಂತ ಅರ್ಥ. ಆ ಕತೆ ಇಲ್ಲಿದೆ.

ಮೊದಲು ದೋಣಿಯ ವಿಷಯ ಮುಗಿಸಿಬಿಡೋಣ. ಕಯಾಕ್ ಫ್ಲಾರಿಡಾದ್ದಲ್ಲ, ಬಿಸಿಲ ನಾಡಿನದ್ದೇ ಅಲ್ಲ. ಗ್ರೀನ್‌ಲ್ಯಾಂಡಿನಿಂದ ಅಲಾಸ್ಕಾವರೆಗೆ ಹಿಮದ ಕಡಲಂಚಿನಲ್ಲಿ ಬದುಕಿದ ಇನುಯಿಟ್, ಯುಪಿಕ್, ಉನಂಗನ್ ಜನರ ದೋಣಿ ಅದು. ಮರ ಬೆಳೆಯದ ನಾಡು. ಆದ್ದರಿಂದ ಕಡಲು ತಂದು ಹಾಕಿದ ತುಂಡು ಮರ ಮತ್ತು ಮೂಳೆಯಿಂದ ಹಂದರ ಕಟ್ಟುತ್ತಿದ್ದರು. ಅದರ ಮೇಲೆ ಹೆಂಗಸರು ಸೀಲ್ ಚರ್ಮವನ್ನು ನೀರು ಇಳಿಯದಂತೆ ಹೊಲಿಯುತ್ತಿದ್ದರು. ದರ್ಜಿ ಅಂಗಿಗೆ ಅಳತೆ ತೆಗೆದ ಹಾಗೆ, ಕೂರುವವನ ಮೈ ಅಳತೆಗೆ ದೋಣಿ. ಅದು ಬೇಟೆಗಾರನ ಅನ್ನದ ಸಾಧನವಾಗಿತ್ತು. 1865ರ ಹೊತ್ತಿಗೆ ಸ್ಕಾಟ್‌ಲ್ಯಾಂಡಿನ ಜಾನ್ ಮೆಕ್‌ಗ್ರೆಗರ್ ಅಂಥದೇ ಆಕಾರದ ಮರದ ದೋಣಿಯಲ್ಲಿ ಯುರೋಪಿನ ನದಿಗಳನ್ನು ಸುತ್ತಿ ಬಂದ. ಅಲ್ಲಿಂದ ಅದು ವಿಹಾರವಾಯಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಆಟವೂ ಆಯಿತು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಿಮ್ ನೀಮಿಯರ್ ಮೇಲೆ ಕೂರುವಂಥ ಕಯಾಕ್ ಮಾಡಿದ. ಮುಂದೆ ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಬಂದು ಬೆಲೆ ಇಳಿಯಿತು. 1997ರಲ್ಲಿ ಹೋಬಿ ಕಂಪನಿ ಕಾಲಲ್ಲಿ ತುಳಿಯುವ ಪೆಡಲ್ ಸೇರಿಸಿದ್ದರಿಂದ ಎರಡೂ ಕೈ ಗಾಳಕ್ಕೆ ಸಿಕ್ಕವು. ಈ 1997 ಅನ್ನುವ ಇಸವಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫ್ಲಾರಿಡಾದ ತೆಳು ನೀರಿಗೆ ಅದರದ್ದೇ ಆದ ದೋಣಿ ಇತ್ತು. ಒಂದೇ ಮರದ ದಿಮ್ಮಿ ಕೊರೆದು ಮಾಡಿದ್ದು, ನಮ್ಮ ಪಾತಿ ದೋಣಿಯ ಹಾಗೆ. ಅದನ್ನು ಓಡಿಸಿದವರು ಕಲೂಸಾ ಜನ. ಈಗಿನ ಫೋರ್ಟ್ ಮೈಯರ್ಸ್ ಸುತ್ತಮುತ್ತಲಿನ ಅಳಿವೆಗಳು ಅವರ ರಾಜ್ಯ. ಹೊಲ ಉಳದೆ, ಕಾಳು ಬಿತ್ತದೆ, ಬರೀ ಮೀನು ಚಿಪ್ಪಿನ ಬಲದ ಮೇಲೆ ರಾಜ, ಸೈನ್ಯ, ಕಪ್ಪಕಾಣಿಕೆ ಎಲ್ಲ ಕಟ್ಟಿದವರು. ತಿಂದುಳಿದ ಚಿಪ್ಪುಗಳನ್ನು ಪೇರಿಸಿಯೇ ದ್ವೀಪ ಎಬ್ಬಿಸಿದರು. ರಾಜಧಾನಿಯಾಗಿದ್ದ ಮೌಂಡ್ ಕೀ ಈಗಲೂ ಸುಮಾರು 30 ಅಡಿ ಎತ್ತರ ನಿಂತಿದೆ. 1566ರಲ್ಲಿ ಸ್ಪೇನಿನ ಪೆದ್ರೋ ಮೆನೆಂಡೆಸ್ ಅಲ್ಲಿಗೆ ಬಂದಾಗ ರಾಜನ ಮನೆಯಲ್ಲಿ 2000 ಜನ ಇಕ್ಕಟ್ಟಿಲ್ಲದೆ ನಿಲ್ಲಬಹುದಿತ್ತು ಅಂತ ಅವನ ಕಡೆಯವರು ಬರೆದಿಟ್ಟಿದ್ದಾರೆ.

1896ರಲ್ಲಿ ಫ್ರಾಂಕ್ ಹ್ಯಾಮಿಲ್ಟನ್ ಕುಶಿಂಗ್ ಎಂಬ ವಿದ್ವಾಂಸ ಮಾರ್ಕೋ ದ್ವೀಪದ ಕೆಸರು ಅಗೆಸಿದ. ತಾಳೆ ನಾರಿನ ಬಲೆ, ಅದಕ್ಕೆ ಕಟ್ಟಿದ ಮರದ ತೇಲುಬೆಂಡು, ಚಿಪ್ಪಿನ ಭಾರ, ಜೊತೆಗೆ ಪುಟ್ಟ ಪುಟ್ಟ ಆಟಿಕೆ ದೋಣಿಗಳೂ ಸಿಕ್ಕವು. ಮಕ್ಕಳು ಆಡುವ ವಸ್ತು ನೋಡಿದರೆ ಆ ಮನೆಯ ಕಸುಬು ತಿಳಿಯುತ್ತದೆ, ಅಲ್ಲವೇ? ಮೌಂಡ್ ಕೀಯಲ್ಲಿ ಚಿಪ್ಪಿನ ಗೋಡೆ ಕಟ್ಟಿದ ದೊಡ್ಡ ಚೌಕಾಕಾರದ ಕೊಳಗಳಿವೆ. ಬಲೆಗೆ ಬಿದ್ದ ಮೀನನ್ನು ಜೀವಂತ ಕೂಡಿಡುವ ಜಾಗ ಅಂತ ಈಚಿನ ಸಂಶೋಧಕರು ಹೇಳುತ್ತಾರೆ. ಅದರ ನಕ್ಷೆ ನೋಡಿದಾಗ ನನಗೆ ಅಘನಾಶಿನಿಯ ಗಜನಿ ಗದ್ದೆ ನೆನಪಾಯಿತು. ಕಗ್ಗ ಭತ್ತದ ಕೊಯ್ಲಾದ ಮೇಲೆ ತೂಬು ತೆಗೆದು ಉಬ್ಬರದ ನೀರು ಒಳಗೆ ಬಿಟ್ಟು ಮೀನು, ಸಿಗಡಿ ಹಿಡಿಯುವ ಗದ್ದೆ ಅದು. ಎರಡು ಜನಾಂಗಗಳಿಗೆ ಪರಸ್ಪರ ಸಂಬಂಧವೇನೂ ಇಲ್ಲ. ಉಬ್ಬರ ಇಳಿತದ ಜೊತೆ ಬಾಳುವವರ ಬುದ್ಧಿ ಒಂದೇ ದಾರಿಯಲ್ಲಿ ಓಡಿದೆ, ಅಷ್ಟೇ.

ಕಲೂಸಾಗಳು 1521ರಲ್ಲಿ ಪೋನ್ಸೆ ದೆ ಲಿಯೋನ್‌ನಂಥವನನ್ನೇ ಹೊಡೆದು ಓಡಿಸಿದವರು. ಆ ಗಾಯದಿಂದಲೇ ಅವನು ಹವಾನಾದಲ್ಲಿ ಸತ್ತ. ಆದರೆ ರೋಗಗಳ ಎದುರು ಯಾವ ಈಟಿಯೂ ನಡೆಯಲಿಲ್ಲ. 1700ರ ನಂತರ ಉತ್ತರದಿಂದ ಇಂಗ್ಲಿಷರ ಮಿತ್ರ ಬುಡಕಟ್ಟುಗಳು ಗುಲಾಮರನ್ನು ಹಿಡಿಯಲು ದಾಳಿ ಮಾಡಿದವು. ಉಳಿದವರಲ್ಲಿ ಅನೇಕರು ಕ್ಯೂಬಾಕ್ಕೆ ಹೋದರು. ಇದು ಆ ನೀರಿನ ಮೊದಲ ಖಾಲಿ.

ಎರಡನೆಯ ಅಧ್ಯಾಯ ಪೂರ್ತಿ ಶರತ್ಕಾಲದ್ದು. ಮಲೆಟ್ ಅನ್ನುವ ಮೀನು ವರ್ಷವೆಲ್ಲ ಒಳನೀರಿನಲ್ಲಿ ಇರುತ್ತದೆ. ಚಳಿ ಬೀಳುತ್ತಿದ್ದಂತೆ ಮೊಟ್ಟೆ ತುಂಬಿಕೊಂಡು, ಸಾವಿರಗಟ್ಟಲೆ ಒಟ್ಟಾಗಿ, ಸಮುದ್ರದ ಕಡೆ ಹೊರಡುತ್ತದೆ. ಆ ದಂಡಿನ ದಾರಿ ಕಾಯಲು ಹವಾನಾದ ಮೀನುಗಾರರು ಪ್ರತಿ ಶರತ್ತಿಗೆ ಹಾಯಿ ಹಡಗಲ್ಲಿ ಬರುತ್ತಿದ್ದರು. ದಡದಲ್ಲಿ ತಾಳೆಗರಿ ಗುಡಿಸಲು ಹಾಕಿ, ಬಲೆ ಎಳೆದು, ಮೀನು ಸೀಳಿ ಉಪ್ಪು ಹಚ್ಚಿ ಒಣಗಿಸಿ, ಕ್ರೈಸ್ತರ ಉಪವಾಸದ ದಿನಗಳ ಹೊತ್ತಿಗೆ ಹವಾನಾದ ಪೇಟೆಗೆ ಒಯ್ಯುತ್ತಿದ್ದರು. ಈ ಬಿಡಾರಗಳಿಗೆ ರಾಂಚೋ ಅಂತ ಹೆಸರು. ಸ್ಥಳೀಯ ಮೂಲನಿವಾಸಿಗಳು ಅಲ್ಲಿ ದುಡಿದರು, ಮದುವೆಯಾದರು, ಮಕ್ಕಳು ಮರಿ ಆದವು. ಎರಡೂ ಕಡೆಗೆ ಸೇರದ ಈ ಜನರನ್ನು ಅಮೆರಿಕನ್ನರು ಸ್ಪ್ಯಾನಿಷ್ ಇಂಡಿಯನ್ನರು ಅಂತ ಕರೆದರು. 1821ರಲ್ಲಿ ಫ್ಲಾರಿಡಾ ಅಮೆರಿಕದ ಕೈಗೆ ಬಂತು. 1835ರಲ್ಲಿ ಸೆಮಿನೋಲ್ ಜನರ ಮೇಲೆ ಎರಡನೇ ಯುದ್ಧ ಶುರುವಾಯಿತು. ಯುದ್ಧದ ಗಲಾಟೆಯಲ್ಲಿ ರಾಂಚೋಗಳು ಬರಿದಾದವು, ಅಲ್ಲಿದ್ದ ಮೂಲನಿವಾಸಿ ಕುಟುಂಬಗಳನ್ನು ಹಿಡಿದು ಪಶ್ಚಿಮಕ್ಕೆ ಗಡೀಪಾರು ಮಾಡಿದರು. ಎರಡನೇ ಖಾಲಿ.

ಮೂರನೆಯವರು ಬಂದದ್ದು 1880ರ ದಶಕದಲ್ಲಿ. ನಾರ್ತ್ ಕ್ಯಾರೊಲೈನಾದ ಕಾರ್ಟರೆಟ್ ಕೌಂಟಿಯಿಂದ ಕೆಲವು ಮೀನುಗಾರ ಕುಟುಂಬಗಳು ಬಂದು ಸಾರಸೋಟಾ ಕೊಲ್ಲಿಯ ಅಂಚಿಗೆ ಕಾರ್ಟೆಜ್ ಅನ್ನುವ ಹಳ್ಳಿ ಕಟ್ಟಿದವು. 1886ಕ್ಕೆ ಪುಂಟಾ ಗೋರ್ಡಾಗೆ ರೈಲು ಬಂತು. ಐಸು ಹಾಕಿದ ಮಲೆಟ್ ಉತ್ತರದ ಊರುಗಳಿಗೆ ಹೊರಟಿತು. ಪೈನ್ ಐಲ್ಯಾಂಡ್ ಸೌಂಡಿನ ನೀರಿನ ನಡುವೆ ಕಂಬಗಳ ಮೇಲೆ ಐಸ್ ಮನೆಗಳೆದ್ದವು. ಮೀನುಗಾರರು ಅಲ್ಲೇ ಮೀನು ಹಾಕಿದರೆ ಕಂಪನಿಯ ದೋಣಿ ಬಂದು ಐಸು ಕೊಟ್ಟು ಮೀನು ಒಯ್ಯುತ್ತಿತ್ತು.

ಅದೇ ನೀರಿಗೆ ಅದೇ ಕಾಲದಲ್ಲಿ ಇನ್ನೊಬ್ಬ ಅತಿಥಿಯೂ ಬಂದ. 1885ರಲ್ಲಿ ನ್ಯೂಯಾರ್ಕಿನ ಡಬ್ಲ್ಯು. ಎಚ್. ವುಡ್ ಎಂಬಾತ ಟಾರ್ಪನ್ ಅನ್ನುವ ದೈತ್ಯ ಮೀನನ್ನು ಗಾಳದ ಕೋಲಿನಲ್ಲಿ ಹಿಡಿದ. ಟಾರ್ಪನ್ ತಿನ್ನಲು ಯೋಗ್ಯ ಮೀನಲ್ಲ, ಬರೀ ಮುಳ್ಳು. ಹಿಡಿಯುವ ಸುಖಕ್ಕೇ ಹಿಡಿಯುವುದು. ಸುದ್ದಿ ಹರಡಿ ಉತ್ತರದ ಶ್ರೀಮಂತರು ಚಳಿಗಾಲ ಕಳೆಯಲು ಇಲ್ಲಿಗೆ ಬರತೊಡಗಿದರು, ಹೋಟೆಲುಗಳೆದ್ದವು. ಹೊಟ್ಟೆಗಾಗಿ ಹಿಡಿಯುವವನೂ ಹವ್ಯಾಸಕ್ಕಾಗಿ ಹಿಡಿಯುವವನೂ ಒಂದೇ ಅಳಿವೆಯಲ್ಲಿ ಎದುರುಬದುರಾದದ್ದು ಆಗ. ನೀರು ದೊಡ್ಡದಿತ್ತು, ಜನ ಕಮ್ಮಿ ಇದ್ದರು, ಜಗಳಕ್ಕೆ ಇನ್ನೂ ಟೈಮಿತ್ತು.

1957ರಲ್ಲಿ ಎರಡು ಸಂಗತಿಗಳು ನಡೆದವು. ಸ್ನೂಕ್ ಅನ್ನುವ ರುಚಿಯಾದ ಕಾಂಡ್ಲಾ ಮೀನನ್ನು ಕ್ರೀಡಾ ಮೀನು ಎಂದು ಘೋಷಿಸಿ ಫ್ಲಾರಿಡಾ ಅದರ ಮಾರಾಟವನ್ನೇ ನಿಲ್ಲಿಸಿತು. ಅಂದರೆ ಹವ್ಯಾಸಿ ಹಿಡಿದು ಮನೆಗೆ ಒಯ್ಯಬಹುದು, ಮೀನುಗಾರ ಹಿಡಿದು ಮಾರುವಂತಿಲ್ಲ. ಅದೇ ವರ್ಷ ರೋಸೆನ್ ಸಹೋದರರು ಫೋರ್ಟ್ ಮೈಯರ್ಸ್ ಎದುರಿನ ದಡದಲ್ಲಿ ಕೇಪ್ ಕೋರಲ್ ಅನ್ನುವ ಹೊಸ ನಗರಕ್ಕೆ ಕೈ ಹಾಕಿದರು. ತಗ್ಗು ಜಾಗ ಅಗೆದು ಕಾಲುವೆ ಮಾಡು, ಆ ಮಣ್ಣು ಹಾಕಿ ಸೈಟು ಎಬ್ಬಿಸು, ಪ್ರತಿ ಮನೆ ಹಿತ್ತಲಿಗೂ ನೀರು ಅಂತ ಜಾಹೀರಾತು ಕೊಡು. ಇವತ್ತು ಆ ಊರಲ್ಲಿ 600 ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆಗಳಿವೆ. ಅದಕ್ಕಾಗಿ ಎಕರೆಗಟ್ಟಲೆ ಕಾಂಡ್ಲಾ ಹೋಯಿತು. ಕಾಂಡ್ಲಾ ಬೇರಿನ ಸಂದಿಯೆಂದರೆ ಮರಿಮೀನುಗಳ ತೊಟ್ಟಿಲು. ಮರಿಗಳಿಗೆ ದೊಡ್ಡ ಮೀನಿನಿಂದ ಮರೆ ಸಿಗುವುದು ಅಲ್ಲೇ. ಕರಾವಳಿಯುದ್ದಕ್ಕೂ ಇದೇ ಕತೆ ನಡೆಯಿತು.

1980ರ ದಶಕದಲ್ಲಿ ಒತ್ತಡ ಎರಡು ಕಡೆಯಿಂದ ಬಂತು. ನ್ಯೂ ಆರ್ಲಿಯನ್ಸ್‌ನ ಪಾಲ್ ಪ್ರುಡೋಮ್ ಎಂಬ ಬಾಣಸಿಗ ರೆಡ್‌ಫಿಶ್ ಮೀನಿಗೆ ಬೆಣ್ಣೆ ಮಸಾಲೆ ಸವರಿ ಕಾದ ಕಬ್ಬಿಣದ ಕಾವಲಿಯಲ್ಲಿ ಕಪ್ಪಾಗುವಂತೆ ಹುರಿದ. ದೇಶವೆಲ್ಲ ಅದಕ್ಕೆ ಹುಚ್ಚಾಯಿತು. ಆಳ ಕಡಲಲ್ಲಿ ದೊಡ್ಡ ಬಲೆಯ ಹಡಗುಗಳು ತಾಯಿಮೀನಿನ ಹಿಂಡುಗಳನ್ನೇ ಬಾಚಿದವು. ದಶಕದ ಕೊನೆಯೊಳಗೆ ಕೇಂದ್ರ ಸರ್ಕಾರ ಮೆಕ್ಸಿಕೊ ಕೊಲ್ಲಿಯ ತನ್ನ ಪಾಲಿನ ನೀರಿನಲ್ಲಿ ಅದರ ಬೇಟೆಯನ್ನೇ ಮುಚ್ಚಿತು. ಇತ್ತ ತೈವಾನ್, ಜಪಾನಿನಲ್ಲಿ ಮಲೆಟ್ ಮೊಟ್ಟೆಗೆ ಒಳ್ಳೆಯ ಬೆಲೆ ಬಂದು, ಶರತ್ತಿನ ದಂಡಿನ ಮೇಲೆ ಕಂತುಬಲೆಗಳು ಮುಗಿಬಿದ್ದವು. 1985ರ ಡಿಸೆಂಬರ್ 31ಕ್ಕೆ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದೊಳಗೆ ಮಾರಾಟಕ್ಕಾಗಿ ಮೀನು ಹಿಡಿಯುವುದು ಪೂರ್ತಿ ನಿಂತಿತು. ಹವ್ಯಾಸಿ ಗಾಳಕ್ಕೆ ಅಲ್ಲಿ ಅವಕಾಶ ಉಳಿಯಿತು.

ಕೊನೆಯ ಪಂದ್ಯ ಮತಪೆಟ್ಟಿಗೆಯಲ್ಲಿ ನಡೆಯಿತು. 'ಫ್ಲಾರಿಡಾ ಸ್ಪೋರ್ಟ್ಸ್‌ಮನ್' ಪತ್ರಿಕೆಯ ಕಾರ್ಲ್ ವಿಕ್‌ಸ್ಟ್ರಾಮ್ ಮುಂದಾಳುತನದಲ್ಲಿ ಗಾಳದ ಹವ್ಯಾಸಿಗಳು ಸಹಿ ಸಂಗ್ರಹಿಸಿದರು. ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದು ಕಂತುಬಲೆ ನಿಷೇಧಿಸಬೇಕು ಅನ್ನೋದು ಬೇಡಿಕೆ. ಬಲೆಗೆ ಸಿಕ್ಕು ಸತ್ತ ಆಮೆಗಳ ಚಿತ್ರ ಮನೆಮನೆ ಮುಟ್ಟಿತು. 1994ರ ನವೆಂಬರ್ 8ರಂದು ನೂರಕ್ಕೆ 70ಕ್ಕೂ ಹೆಚ್ಚು ಮತದಾರರು ಹೌದು ಅಂದರು. 1995ರ ಜುಲೈ 1ರಿಂದ ಜಾರಿ. ಸರ್ಕಾರ ಬಲೆಗಳನ್ನು ದುಡ್ಡು ಕೊಟ್ಟು ಕೊಂಡುಕೊಂಡಿತು.

ಇಲ್ಲೊಂದು ಸೂಕ್ಷ್ಮ ಇದೆ. ಮಲೆಟ್ ಪಾಚಿ, ಕೆಸರಿನ ಕಸಿ ತಿಂದು ಬದುಕುವ ಮೀನು. ಗಾಳಕ್ಕೆ ಅದು ಬೀಳುವುದು ಅಪರೂಪ. ಹಾಗಾಗಿ ಬಲೆ ನಿಷೇಧ ಅಂದರೆ ಮಲೆಟ್ ಕಸುಬಿನ ನಿಷೇಧ ಅಂತಲೇ ಅರ್ಥ. ಹವ್ಯಾಸಿಗೆ ಮಲೆಟ್ ಬೇಕಾಗಿಲ್ಲ, ಆದರೆ ಅವನಿಗೆ ಬೇಕಾದ ರೆಡ್‌ಫಿಶ್, ಸ್ನೂಕ್ ಎರಡೂ ಮರಿ ಮಲೆಟ್ ತಿಂದೇ ಕೊಬ್ಬುತ್ತವೆ. ಕಾನೂನು ಬಿಟ್ಟದ್ದು ಬೀಸುಬಲೆಯಂಥ ಚಿಕ್ಕ ಬಲೆಗಳನ್ನು ಮಾತ್ರ.

ನಿಷೇಧ ಬೇಕಿರಲಿಲ್ಲ ಅಂತ ಖಂಡಿತ ನಾನು ಹೇಳುತ್ತಿಲ್ಲ. ಮೊಟ್ಟೆ ತುಂಬಿದ ಮೀನನ್ನು ದುಡ್ಡಿನಾಸೆಗೆ ಬಾಚುತ್ತಾ ಹೋದರೆ ಯಾವ ಕಡಲೂ ತಾಳುವುದಿಲ್ಲ. ಇವತ್ತು ಅಕ್ಟೋಬರಿನಲ್ಲಿ ನನ್ನ ಕಯಾಕಿನ ಪಕ್ಕ ಮಲೆಟ್ ಚಂಗನೆ ಹಾರಿ ಬೀಳುತ್ತದೆ, ರೆಡ್‌ಫಿಶ್ ಬಾಲ ಎತ್ತುತ್ತದೆ. ಆ ಸುಖದಲ್ಲಿ 1994ರ ಮತದಾರನ ಪಾಲೂ ಇದೆ. ನನ್ನನ್ನು ಕಾಡುವುದು ಬೇರೆ. ಮೀನು ಕಮ್ಮಿ ಆದದ್ದಕ್ಕೆ ಕಾರಣಗಳು ಹಲವು: ಬಲೆ, ಹೋಟೆಲಿನ ಕಾವಲಿ, ಕಾಲುವೆ ತೋಡಿದ ಡ್ರೆಡ್ಜರ್, ಹಿತ್ತಲಿನ ಹುಲ್ಲುಹಾಸಿಗೆ ಹಾಕಿದ ಗೊಬ್ಬರ, ಕಡಲಹುಲ್ಲನ್ನು ಸೀಳಿಕೊಂಡು ಹೋಗುವ ಹವ್ಯಾಸಿ ದೋಣಿಗಳ ಪ್ರೊಪೆಲ್ಲರ್. ಮತಪತ್ರದಲ್ಲಿ ಹೆಸರಿದ್ದದ್ದು ಬಲೆಯದ್ದು ಮಾತ್ರ. ಕಾಲುವೆ ಮನೆಯವರು ಲಕ್ಷಗಟ್ಟಲೆ ಇದ್ದರು, ಬಲೆಯವರು ಕೆಲವೇ ಸಾವಿರ. ಬಹುಮತ ಅಂದರೆ ಹಾಗೇ, ಎಣಿಕೆಯ ಲೆಕ್ಕ.

ಮುಂದೆ ಏನಾಯಿತು ನೋಡಿ. ಉತ್ತರದ ಸೀಡರ್ ಕೀ ಊರಿನ ಬಲೆಗಾರರಿಗೆ ಸರ್ಕಾರ ತರಬೇತಿ ಕೊಟ್ಟು, ಸಮುದ್ರತಳದ ಜಾಗ ಗುತ್ತಿಗೆ ಕೊಟ್ಟು, ಬಳಚು ಕೃಷಿ ಕಲಿಸಿತು. ಆ ಊರು ಬಳಚಿಗೇ ಹೆಸರಾಯಿತು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಅದೇ ಊರನ್ನು ಮುಳುಗಿಸಿ ಹೋಯಿತು. ಶರತ್ತು ಇಲ್ಲಿ ಬಿರುಗಾಳಿಯ ಕಾಲವೂ ಹೌದು. ಕಾರ್ಟೆಜ್‌ನವರು ಕಲ್ಲೇಡಿ, ಗಾಳದ ಎರೆಗಾಗುವ ಸಣ್ಣ ಮೀನು, ನವೆಂಬರ್ ಡಿಸೆಂಬರಿನಲ್ಲಿ ಬೀಸುಬಲೆಗೆ ಬಿದ್ದಷ್ಟು ಮಲೆಟ್ ಅಂತ ಹೇಗೋ ಉಳಿದುಕೊಂಡಿದ್ದಾರೆ. ಅಲ್ಲಿನ ಮೀನುಗಾರರು ಮಾಡಿದ ಒಂದು ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ವರ್ಷಕ್ಕೊಮ್ಮೆ ಊರಲ್ಲಿ ಮೀನುಗಾರಿಕೆ ಜಾತ್ರೆ ಮಾಡಿ, ಅದರಲ್ಲಿ ಉಳಿದ ದುಡ್ಡು ಕೂಡಿಸಿ, ಹಳ್ಳಿಯ ಪಕ್ಕದ ಸುಮಾರು 95 ಎಕರೆ ಕಾಂಡ್ಲಾ ಜೌಗನ್ನು ಕೊಂಡು ಕಾಯ್ದಿಟ್ಟರು. ಸೈಟು ಮಾಡುವವರ ಕೈಗೆ ಹೋಗದಿರಲಿ ಅಂತ. ಕಡಲು ಹಾಳುಗೆಡವಿದವರು ಅಂತ ಹೆಸರು ಹೊತ್ತವರು ಕಾಡು ಕೊಂಡರು.

ಬಲೆ ಹೋದ ಎರಡೇ ವರ್ಷಕ್ಕೆ, 1997ರಲ್ಲಿ, ಪೆಡಲ್ ಕಯಾಕ್ ಬಂತು. ಒಂದಕ್ಕೊಂದು ಕಾರಣವಲ್ಲ, ಆದರೆ ಹೊಂದಾಣಿಕೆ ಚೆನ್ನಾಗಿತ್ತು. ಬಲೆಗಾರರಿಲ್ಲದ ಮೌನದ ನೀರು, ಅದಕ್ಕೆ ತಕ್ಕ ಮೌನದ ದೋಣಿ. ಎಂಜಿನ್ನಿಗೂ ಕೆಲವೆಡೆ ಕಡಿವಾಣ ಬಿತ್ತು. ಎವರ್‌ಗ್ಲೇಡ್ಸ್‌ನ ಸ್ನೇಕ್ ಬೈಟ್ ಎಂಬಲ್ಲಿ 2011ರಿಂದ ಪೆಟ್ರೋಲ್ ಎಂಜಿನ್ ನಿಲ್ಲಿಸಿ, ಗಳೆ ಊರಿಕೊಂಡೋ ಸಣ್ಣ ವಿದ್ಯುತ್ ಮೋಟರಿನಲ್ಲೋ ಹೋಗಬೇಕು. ನಾಲ್ಕು ನೂರು ವರ್ಷ ಸುತ್ತಿ ಬಂದು ಮತ್ತೆ ಕಲೂಸಾ ವೇಗಕ್ಕೇ ಇಳಿದ ಹಾಗಾಯಿತು. ಆದರೂ ನೀರು ಗುಣವಾಗಿಲ್ಲ. 2018ರ ಕೆಂಪು ಪಾಚಿಯ ಹಾವಳಿಗೆ ಈ ದಡಗಳಲ್ಲಿ ಮೀನು ರಾಶಿ ರಾಶಿ ಸತ್ತು ಬಿತ್ತು. ಸ್ನೂಕ್, ರೆಡ್‌ಫಿಶ್ ಹಿಡಿದರೂ ವಾಪಸ್ ನೀರಿಗೇ ಬಿಡಬೇಕು ಅಂತ ಸರ್ಕಾರ ಆಜ್ಞೆ ಮಾಡಿತು. ದೂಷಿಸಲು ಆಗ ಬಲೆ ಇರಲಿಲ್ಲ.

ಊರಿನ ಕಡೆ ನೋಡಿದರೆ ಚಿತ್ರ ತಿರುಗಾಮುರುಗಾ. ನಮ್ಮ ಕರಾವಳಿಯಲ್ಲಿ ಹಳೆಯ ಬಲೆಯನ್ನು ಓಡಿಸಿದ್ದು ಹವ್ಯಾಸಿಗಳಲ್ಲ, ಯಂತ್ರ. ಊರಿಗೂರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ, 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಸೊರಗಿತು. ಬಂಗಡೆ, ತಾರ್ಲೆ ದಡಕ್ಕೆ ಬರುವ ಮೊದಲೇ ಬೋಟಿನ ಪಾಲಾದವು. ಒಳನೀರಿನಲ್ಲಿ ಮಾತ್ರ ಪಾತಿ, ಬೀಸುಬಲೆ, ಇಳಿತದಲ್ಲಿ ಸೊಂಟದ ನೀರಿಗಿಳಿದು ಬಳಚು ಹೆಕ್ಕುವ ಹೆಂಗಸರು ಇನ್ನೂ ಇದ್ದಾರೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು, 4801 ಹೆಕ್ಟೇರ್. ಸಂತೋಷದ ಸುದ್ದಿ. ಉಡುಪಿ ಕಡೆ ಸಾಲಿಗ್ರಾಮದ ಕಾಂಡ್ಲಾ ನಡುವೆ ಪ್ರವಾಸಿಗರ ಕಯಾಕ್ ಓಡಾಟ ಆಗಲೇ ಶುರುವಾಗಿದೆ. ಅದೂ ಒಳ್ಳೆಯದೇ. ಹೊಗೆಯಿಲ್ಲ, ಸದ್ದಿಲ್ಲ, ಊರ ಹುಡುಗರಿಗೆ ನಾಲ್ಕು ಕಾಸು.

ನಾಳೆ ಅಘನಾಶಿನಿಗೂ ಯಾರಾದರೂ ಗಾಳದ ಕಯಾಕ್ ತರುತ್ತಾರೆ. ಬರಲಿ. ಆಮೇಲೆ ಒಂದು ದಿನ ಮೀನು ಕಮ್ಮಿ ಆಯಿತು ಅಂತ ಸಭೆ ಸೇರುತ್ತದೆ. ಆಗ ಮೊದಲು ಬೆರಳು ತೋರಿಸುವುದು ಬಳಚು ಹೆಕ್ಕುವವಳ ಬುಟ್ಟಿಗೋ, ಅಳಿವೆ ಬಾಯಿಯ ಹೂಳೆತ್ತುವ ಯಂತ್ರಕ್ಕೋ? ಆ ಸಭೆಯಲ್ಲಿ ಬುಟ್ಟಿಯವಳಿಗೂ ಒಂದು ಕುರ್ಚಿ ಇರಬೇಕು. ಕಾರ್ಟೆಜ್‌ನವರಿಗೆ 1994ರಲ್ಲಿ ಸಿಕ್ಕಿದ್ದು ಎಲ್ಲರಿಗೂ ಸಿಕ್ಕಷ್ಟೇ, ಒಂದೊಂದು ವೋಟು.